ಮಂತ್ರಿಯ ಹಿಂದಿದ್ದ ಮುಖ

“ಫೋಟೋನೇ ಇಲ್ಲ ಅಂದ್ರೆ ಹೆಂಗ್ರೀ ಸಾಹುಕಾರ್ರೇ? ಗೋಡೆ ತುಂಬಾ ಇಷ್ಟು ಜನ ಕೂತಿದ್ದಾರೆ. ಇದರಲ್ಲಿ ಮನೆ ಯಜಮಾನಿ ಒಬ್ಬಳಿಗೆ ಜಾಗ ಸಿಗಲಿಲ್ವಾ?”

ಹಾಗಂತ ಕೇಳಿದರಂತೆ ಒಂದೂರಿನ ಮಠದಯ್ಯ. ಮುರುಗೇಂದ್ರಯ್ಯ ಶಾಸ್ತ್ರಿಗಳು ಆ ಸಂಜೆಯ ಶ್ರಾವಣ ಪ್ರವಚನ ಶುರು ಮಾಡಿದ್ದೇ ಈ ಮಾತಿನಿಂದ. ಶ್ಲೋಕ ಇಲ್ಲ, ಪೀಠಿಕೆ ಇಲ್ಲ. ಮಠದ ಹಜಾರದಲ್ಲಿ ಎಡಕ್ಕೆ ಗಂಡಸರು, ಬಲಕ್ಕೆ ಹೆಂಗಸರು. ಬಾಗಿಲ ಹತ್ತಿರ ಕೆಲವರು ಇನ್ನೂ ಚಪ್ಪಲಿ ಬಿಡುತ್ತಿದ್ದರು. ಶಾಸ್ತ್ರಿಗಳು ಕನ್ನಡಕ ತೆಗೆದು ಪಕ್ಕಕ್ಕಿಟ್ಟು, ಮೈಕನ್ನು ಹತ್ತಿರಕ್ಕೆ ಎಳೆದುಕೊಂಡು ಕಥೆ ಹಿಡಿದರು.

ನೋಡಿ, ಒಂದೂರಲ್ಲಿ ಒಬ್ಬ ಸಾಹುಕಾರ ಇದ್ದ. ಯಾವೂರು ಅಂತ ಕೇಳಬೇಡಿ. ಹೇಳಿದರೆ ನೀವು ಕಥೆ ಬಿಟ್ಟು ಅವನ ಬೀಗರು ಯಾರು ಅಂತ ಹುಡುಕೋಕೆ ಹೊರಡ್ತೀರಿ. ಜವಳಿ ವ್ಯಾಪಾರ ಅವನದು. ಸುತ್ತಲಿನ ಹಳ್ಳಿಗಳ ಮದುವೆ ಸೀರೆಯೆಲ್ಲ ಅವನ ಅಂಗಡಿಯಿಂದಲೇ ಹೋಗಬೇಕು. ಕುಡಿಯೋನಲ್ಲ, ಇಸ್ಪೀಟಾಡೋನಲ್ಲ. ಹೆಂಡತಿ ಮೇಲೆ ಕೈ ಎತ್ತಿದವನಲ್ಲ, ದನಿ ಎತ್ತಿದವನೂ ಅಲ್ಲ. ಇದನ್ನ ಮೊದಲೇ ಯಾಕೆ ಹೇಳ್ತಿದ್ದೀನಿ? ಕಥೆ ಕೇಳ್ತಾ ಕೇಳ್ತಾ ನೀವು, ‘ಅಂಥ ಕೆಟ್ಟವನು ನಾನಲ್ಲ ಬಿಡು’ ಅಂತ ನೆಮ್ಮದಿಯಾಗಿ ಕಾಲು ಚಾಚಿಬಿಡಬಾರದು ಅಂತ. ಅವನು ಒಳ್ಳೇವನು. ನಿಮ್ಮಷ್ಟೇ ಒಳ್ಳೇವನು.

ಅವನಿಗೊಂದು ಹುಚ್ಚಿತ್ತು. ಇಂಗ್ಲೆಂಡಿನ ಹಳೇ ಕಾಲದ ಮಂತ್ರಿಗಳ ಚಿತ್ರ ಕೂಡಿಸೋದು.

ನಗಬೇಡಿ. ನಗಬೇಡಿ ತಾಯಂದಿರೇ. ಬೀರು ತೆಗೆದರೆ ನಿಮ್ಮಲ್ಲಿ ಎಷ್ಟು ಸೀರೆ ಮಡಿಕೆ ಬಿಚ್ಚದೆ ಕೂತಿವೆ ಅಂತ ನನಗೂ ಗೊತ್ತು. ಅವರವರ ಹುಚ್ಚು ಅವರವರಿಗೆ.

ಅವನ ಅಪ್ಪನ ಕಾಲದಲ್ಲಿ ಒಬ್ಬ ಬಿಳಿ ದೊರೆ ಊರು ಬಿಟ್ಟು ಹೋಗುವಾಗ ಬಂಗಲೆ ಸಾಮಾನು ಹರಾಜು ಹಾಕಿಸಿದ. ಅಪ್ಪ ಒಂದು ಆರಾಮ ಕುರ್ಚಿ ಕೊಂಡ. ಕುರ್ಚಿ ಜೊತೆಗೆ, ಬೇಡ ಬೇಡ ಅಂದರೂ, ಒಂದು ಪೆಟ್ಟಿಗೆ ಬಂತು. ಪೆಟ್ಟಿಗೆ ತುಂಬಾ ಈ ಚಿತ್ರಗಳು. ಅಪ್ಪ ಕುರ್ಚಿಯಲ್ಲಿ ಕೂತ. ಮಗ ಪೆಟ್ಟಿಗೆಯಲ್ಲಿ ಬಿದ್ದ.

ಎಂಥ ಚಿತ್ರ ಅಂತೀರಿ? ಬಣ್ಣದ್ದಲ್ಲ, ಫೋಟೋ ಅಲ್ಲ. ಫೋಟೋ ಹುಟ್ಟೋಕೆ ಮುಂಚಿನವು. ತಾಮ್ರದ ತಗಡಿನ ಮೇಲೆ ಸೂಜಿಯಂಥ ಉಳಿ ಹಿಡಿದು ಗೀರು ಗೀರಾಗಿ ಮುಖ ಕೊರೀತಾರೆ. ಗೀರಿಗೆ ಮಸಿ ತುಂಬಿ, ಮೇಲೆ ಒರೆಸಿ, ಒದ್ದೆ ಕಾಗದ ಹಾಕಿ ಒತ್ತಿ ತೆಗೀತಾರೆ. ದೂರದಿಂದ ನೋಡಿದರೆ ಮನುಷ್ಯನ ಕೆನ್ನೆ, ಭೂತಗನ್ನಡಿ ಹಿಡಿದರೆ ಉತ್ತ ಹೊಲ! ಬರೀ ಗೆರೆ, ಬರೀ ಚುಕ್ಕಿ. ತಗಡು ಹೊಸದಿದ್ದಾಗ ಒತ್ತಿದ ಪ್ರತಿ ಚೂಪಾಗಿ ಬರುತ್ತೆ. ಒತ್ತಿ ಒತ್ತಿ ತಗಡು ಸವೆದ ಮೇಲೆ ಬಂದದ್ದರಲ್ಲಿ ಕಣ್ಣು ಮಂಕು, ಹಣೆ ಬೋಳು. ಹೀಗಾಗಿ ಮೊದಲ ಒತ್ತಿನ ಪ್ರತಿಗಾಗಿ ಈ ಸಾಹುಕಾರ ಮದ್ರಾಸಿಗೆ ಹೋಗೋನು, ಊಟಿಗೆ ಹೋಗೋನು, ಎಲ್ಲೋ ಒಂದು ಹಳೇ ಬಂಗಲೆಯ ಸಾಮಾನು ಹರಾಜಿಗೆ ಬಂತು ಅಂದರೆ ಅಂಗಡಿಯನ್ನು ಗುಮಾಸ್ತರ ಕೈಗೆ ಕೊಟ್ಟು ಬಸ್ಸು ಹತ್ತೋನು.

ಅವನ ಕಣ್ಣು ಎಂಥ ಕಣ್ಣು! ಕೆಳಗಿನ ಹೆಸರು ಮುಚ್ಚಿ ತೋರಿಸಿ, ಹೇಳಿಬಿಡೋನು. ‘ಈ ಎರಡು ಅಂತಸ್ತಿನ ಗದ್ದ ವಾಲ್‌ಪೋಲನದು. ಈ ಕಂಬಳಿಹುಳದಂಥ ಹುಬ್ಬು ಫಾಕ್ಸ್‌ನದು. ಈ ಮೇಲಕ್ಕೆದ್ದ ಚೂಪು ಮೂಗು ಪಿಟ್ ಅಂತ, ಇಪ್ಪತ್ತನಾಲ್ಕನೇ ವಯಸ್ಸಿಗೇ ಪ್ರಧಾನಿ ಆದ ಮಹಾರಾಯ.’ ಸತ್ತು ಎಷ್ಟೋ ತಲೆಮಾರು ಕಳೆದವರ ಕಿವಿಯ ತುದಿ ಹೇಗಿತ್ತು ಅಂತ ಗೊತ್ತು ಅವನಿಗೆ. ಇದು ಸಾಮಾನ್ಯ ವಿದ್ಯೆ ಅಲ್ಲ. ನಾನು ಅದನ್ನ ಹೀಯಾಳಿಸೋಲ್ಲ. ಅಷ್ಟು ಚೆನ್ನಾಗಿ ನೋಡೋ ಶಕ್ತಿಯನ್ನು ಶಿವ ಎಲ್ಲರಿಗೂ ಕೊಡೋದಿಲ್ಲ.

ಮನೆಯಲ್ಲಿ ಹೆಂಡತಿ. ಗಂಡನ ಹೆಸರು ಹೇಳಲಿಲ್ಲ, ಆದರೆ ಆ ತಾಯಿ ಹೆಸರು ಹೇಳ್ತೀನಿ. ಕೊಟ್ರಮ್ಮ ಅಂತ. ಮಕ್ಕಳಿರಲಿಲ್ಲ. ಬೆಳಗಾದರೆ ಆಕೆಯ ಮೊದಲ ಕೆಲಸ ಈ ಮಂತ್ರಿಗಳ ಗಾಜು ಒರೆಸೋದು.

“ರೀ, ಇವರೆಲ್ಲ ಯಾರು ಅಂತ ಒಂದ್ಸಲ ಹೇಳ್ರೀ. ದಿನಾ ಮುಖ ಒರೆಸ್ತೀನಿ, ಹೆಸರೇ ಗೊತ್ತಿಲ್ಲ ಅಂದ್ರೆ ನನಗೆ ನಾಚಿಕೆ ಆಗುತ್ತೆ.”

ಅವನು ಹೇಳೋನು. ಖುಷಿಯಿಂದ, ಒಬ್ಬೊಬ್ಬರದೂ ಪುರಾಣ ಬಿಚ್ಚಿ ಹೇಳೋನು.

“ಗಂಡಸರಾಗಿ ಇಷ್ಟು ಗುಂಗುರು ಕೂದಲು ಇವರಿಗೆ?”

“ಅದು ಟೋಪನ್ನು ಕಣೇ.”

“ಅಯ್ಯೋ, ನಾಟಕದವರಾ ಹಂಗಾದ್ರೆ!”

ಅವನು ನಗೋನು. ಆಕೆಯೂ ನಗೋಳು. ನೋಡಿ, ಎಷ್ಟು ಚೆಂದದ ಸಂಸಾರ! ಆದರೆ ಅವನು ನಗುವಾಗ ಅವನ ಕಣ್ಣು ಎಲ್ಲಿತ್ತು? ಗೋಡೆ ಮೇಲೆ. ಆಕೆ ಬಡಿಸುವಾಗ ಎಲ್ಲಿತ್ತು? ತಟ್ಟೆಯ ಪಕ್ಕ ಬಿಡಿಸಿಟ್ಟ ಹಾಳೆ ಮೇಲೆ. ಆಕೆ ಬೆಳಿಗ್ಗೆ ಹಣೆಗೆ ವಿಭೂತಿ ಇಟ್ಟುಕೊಂಡು ಕಾಫಿ ಹಿಡಿದು ಎದುರಿಗೆ ನಿಂತಾಗ? ಲೋಟದ ಮೇಲೆ.

ಒಂದು ಸಲ ಆಕೆ ಕೇಳಿದಳು, “ಮದುವೇಲಿ ತೆಗೆಸಿದ್ದು ಬಿಟ್ರೆ ಒಂದು ಫೋಟೋ ಇಲ್ಲ ನಂದು. ಸ್ಟುಡಿಯೋಗೆ ಹೋಗಿ ಬರೋಣ್ವಾ?”

“ಹೋಗೋಣ, ಅದಕ್ಕೇನು” ಅಂದ.

ಆಕೆ ತೌರಿನ ಸೀರೆ ಉಟ್ಟು, ಹೂ ಮುಡಿದು, ಪಡಸಾಲೆಯಲ್ಲಿ ಕೂತಳು. ಅಷ್ಟರಲ್ಲಿ ಊಟಿಯಿಂದ ತಂತಿ ಬಂತು. ನಾಳೆ ಹರಾಜು! “ಬಂದ ಮೇಲೆ ಹೋಗೋಣ ಕಣೇ” ಅಂದು ಚೀಲ ಹೆಗಲಿಗೆ ಹಾಕಿದ. ಆಕೆ ಬಾಗಿಲವರೆಗೂ ಬಂದು ಕಳಿಸಿಕೊಟ್ಟಳು. ಬಂದ ಮೇಲೆ? ಬಂದ ಮೇಲೆ ತಂದದ್ದನ್ನ ನೋಡೋದೇ ಆಯ್ತು. ಆಕೆಯೂ ಮತ್ತೆ ಕೇಳಲಿಲ್ಲ. ನಮ್ಮ ತಾಯಂದಿರು ಒಂದು ಸಲ ಕೇಳ್ತಾರೆ. ಎರಡನೇ ಸಲ ಕೇಳೋದಿಲ್ಲ.

ಹೀಗೇ ವರ್ಷಗಳು ಹೋದವು. ಒಂದು ಮಧ್ಯಾಹ್ನ ಆಕೆ ಮೊರ ಮುಂದಿಟ್ಟುಕೊಂಡು ಅಕ್ಕಿ ಆರಿಸ್ತಾ ಇದ್ದವಳು, ಹಾಗೇ ಗೋಡೆಗೆ ಒರಗಿದಳು. ಕಾಯಿಲೆ ಇಲ್ಲ, ಕಸಾಲೆ ಇಲ್ಲ. ಅಂಗಡಿಯಿಂದ ಇವನು ಓಡಿ ಬರೋ ಹೊತ್ತಿಗೆ ಮುಗಿದಿತ್ತು. ಜನ ಸೇರಿದರು. ಮುಖಕ್ಕೆ ವಿಭೂತಿ ಬಳಿದು, ಹೂವಿನ ದಂಡೆ ಸುತ್ತಿ ಕೂರಿಸಿದರು. ಅವನು ಕಾಲ ಹತ್ತಿರ ಕೂತು ಬಿಕ್ಕಿ ಬಿಕ್ಕಿ ಅತ್ತ. ಕಣ್ಣಲ್ಲಿ ನೀರು ತುಂಬಿತ್ತು, ಆಗಲೂ ಆಕೆಯ ಮುಖ ಕಾಣಲಿಲ್ಲ.

ಮಣ್ಣಾಯ್ತು. ಇನ್ನು ಹನ್ನೊಂದನೇ ದಿನದ ಗಣಾರಾಧನೆ. ನಿಮಗೆಲ್ಲ ಗೊತ್ತಿದ್ದದ್ದೇ, ಅವತ್ತು ಲಿಂಗೈಕ್ಯರ ಭಾವಚಿತ್ರವನ್ನು ಕುರ್ಚಿ ಮೇಲಿಟ್ಟು, ವಿಭೂತಿ ಧರಿಸಿ, ಹಾರ ಹಾಕಿ, ಬಂದ ಬಂಧುಗಳೆಲ್ಲ ಒಂದೊಂದು ಹೂ ಏರಿಸ್ತಾರೆ. ಅದಕ್ಕೇ ಮಠದಯ್ಯ ಕೇಳಿದ್ದು, ಫೋಟೋ ಎಲ್ರೀ ಅಂತ.

“ಮದುವೆ ಫೋಟೋ ಇರಬೇಕು ಅಯ್ಯಾರೇ” ಅಂದ. “ಹುಡುಕ್ತೀನಿ.”

ಟ್ರಂಕು ತೆಗೆದ. ಅಟ್ಟ ಹತ್ತಿದ. ಬೀರುವಿನ ಸೀರೆಗಳ ಮಧ್ಯೆ ಕೈ ಹಾಕಿದ. ಇಲ್ಲ. ಆಗ ಮನೆಗೆಲಸದ ದುರುಗವ್ವ, ಬಾಗಿಲಲ್ಲಿ ನಿಂತು ನೋಡಿ ನೋಡಿ ಕೊನೆಗೆ ಹೇಳಿದಳು:

“ಮದುವಿ ಫೋಟೋ ಹುಡುಕ್ತೀರೇನ್ರೀ ಧಣ್ಯಾರೆ? ಅದು ಅಲ್ಲೈತಲ್ರೀ, ಆ ಚೂಪು ಮೂಗಿನವನ ಹಿಂದ.”

ಅವನ ಕೈ ಅಲ್ಲೇ ನಿಂತಿತು. ಆಗ ನೆನಪಾಯ್ತು. ಊಟಿಯಿಂದ ತಂದ ಪಿಟ್! ಮೊದಲ ಒತ್ತಿನ ಪ್ರತಿ. ಬೆನ್ನಿಗೆ ಒಳ್ಳೇ ರಟ್ಟು ಬೇಕಿತ್ತು. ಹೊಸ ರಟ್ಟು ಹಾಳೆಯನ್ನ ಹಳದಿ ಮಾಡುತ್ತೆ. ಹಳೇದಾಗಿ, ಒಣಗಿ, ಗಟ್ಟಿಯಾದ ರಟ್ಟು ಬೇಕು. ಮದುವೆ ಫೋಟೋ ಅಂಟಿಸಿದ್ದ ರಟ್ಟು ಹಾಗಿತ್ತು. ಅದರ ಹಿಂಬದಿ ಒರಟು, ಮುಂಬದಿ ನುಣುಪು. ನುಣುಪು ಅಂತ, ಫೋಟೋದ ಮೇಲೇ ಅಂಟಿಸಿಬಿಟ್ಟಿದ್ದ. ‘ಇನ್ನೊಂದು ತೆಗೆಸಿದರಾಯ್ತು’ ಅಂದುಕೊಂಡಿದ್ದ. ಮೈದಾ ಗೋಂದು ಕಾಸಿ, ಹುಳ ಹಿಡೀಬಾರದು ಅಂತ ಮೈಲುತುತ್ತ ಕಲಸಿ, ಎಷ್ಟು ಪ್ರೀತಿಯಿಂದ ಅಂಟಿಸಿದ್ದ!

“ನಿನಗೆ ಹೆಂಗೆ ಗೊತ್ತು?” ಅಂದ.

“ಅವ್ವಾರೇ ಹೇಳಿದ್ರು. ದಿನಾ ಗಾಜು ಒರೆಸೋವಾಗ ನಗಾಡೋರು. ‘ಇದನ್ನ ಮೆತ್ತಗ ಒರೆಸೇ ದುರುಗಿ, ಒಳಗ ನಾನದೀನಿ’ ಅನ್ನೋರು.”

ತಾಯಂದಿರೇ, ಕೇಳಿಸಿತಾ? ‘ಒಳಗೆ ನಾನಿದ್ದೀನಿ.’ ಬೈದಳಾ? ಇಲ್ಲ. ಜಗಳ ತೆಗೆದಳಾ? ಇಲ್ಲ. ತನ್ನ ಮುಖದ ಮೇಲೆ ಪರದೇಶದ ಮಂತ್ರಿಯೊಬ್ಬನನ್ನ ಕೂರಿಸಿದ್ದಾನೆ ಗಂಡ, ಆ ಗಾಜನ್ನ ದಿನಾ ತಾನೇ ಒರೆಸಿದಳು.

ಸಾಹುಕಾರ ಆ ಚಿತ್ರದ ಕಟ್ಟನ್ನ ಗೋಡೆಯಿಂದ ಇಳಿಸಿದ. ಗಾಜು ಬಿಚ್ಚಿದ. ಮೇಲೆ ಪಿಟ್ ಮಂತ್ರಿ, ಕೆಳಗೆ ಕೊಟ್ರಮ್ಮ. ದುರುಗವ್ವ ಎದುರಿಗೇ ಕುಕ್ಕರುಗಾಲಲ್ಲಿ ಕೂತಳು. ಎದುರು ಮನೆ ಪೋಸ್ಟ್‌ಮಾಸ್ಟರ ಹೆಂಡತಿ ಶಾರದಾಬಾಯಿಯೂ ಬಂದರು.

“ಹರಿದಾಕ್ರಿ ಧಣ್ಯಾರೆ ಅವನ್ನ” ಅಂದಳು ದುರುಗವ್ವ. “ಮ್ಯಾಲಿಂದ ಚೂರು ಚೂರು ಕೆರೆದು ತೆಗೀರಿ.”

ಹರಿದುಹಾಕಬಹುದಿತ್ತು. ಒಣಗಿದ ಹಾಳೆಯನ್ನ ಉಗುರಲ್ಲಿ ಎಬ್ಬಿಸಿ, ಕೆರೆದು ಕೆರೆದು ತೆಗೆದಿದ್ದರೆ ಮಂತ್ರಿ ಪುಡಿಪುಡಿಯಾಗೋನು. ಒಳಗಿನ ಫೋಟೋಗೆ ಅಲ್ಲೊಂದು ಇಲ್ಲೊಂದು ಗಾಯ ಆದರೂ ಮುಖ ಸಿಕ್ಕೋದು. ಅವನ ಉಗುರು ಹಾಳೆಯ ಅಂಚಿಗೆ ಹೋಯ್ತು ಕೂಡ. ಹೋಯ್ತು, ಆದರೆ ಅಲ್ಲೇ ನಿಂತಿತು. ಅಂಥ ಒತ್ತು, ಅಂಥ ಚೂಪು ಗೆರೆ. ಜೀವಮಾನದಲ್ಲಿ ಒಂದು ಹಾಳೆ ಹರಿದ ಕೈ ಅಲ್ಲ ಅದು.

“ತಡಿಯೇ” ಅಂದ. “ಎರಡೂ ಉಳಿಸ್ತೀನಿ. ನನಗೆ ಬರುತ್ತೆ ಈ ಕೆಲಸ.”

ಬರುತ್ತಿತ್ತು. ಎಷ್ಟೋ ಹಾಳೆಗಳನ್ನ ರಟ್ಟಿನಿಂದ ಬಿಡಿಸಿದ್ದ ಅವನು. ಹಿತ್ತಾಳೆ ಪರಾತ ತರಿಸಿದ. ಬೆಚ್ಚಗೆ ನೀರು ಹುಯ್ದ. ಮೆತ್ತಗೆ, ಮಗುವನ್ನ ತೊಟ್ಟಿಲಿಗೆ ಹಾಕಿದ ಹಾಗೆ, ರಟ್ಟನ್ನ ನೀರಿಗೆ ಇಳಿಸಿದ. ಗೋಂದು ನೆನೀಬೇಕು. ಕಾದ. ಇನ್ನೊಂದು ಚೂರು ಬಿಸಿನೀರು ಹುಯ್ದ. ಮತ್ತೆ ಕಾದ. ಬೆರಳ ತುದಿಯಲ್ಲಿ ಅಂಚು ಮುಟ್ಟಿ ನೋಡಿದ. ಅವಸರ ಮಾಡಲಿಲ್ಲ, ಅವಸರ ಮಾಡಿದರೆ ಹಾಳೆ ಹರಿಯುತ್ತೆ.

“ಬಂತು” ಅಂದ.

ಬಂತು. ಪಿಟ್ ಮಂತ್ರಿ ನೀರಿನ ಮೇಲೆ ತೇಲಿ ಬಂದ. ಒಂದು ಗೀರು ಕೆಟ್ಟಿಲ್ಲ, ಒಂದು ಮೂಲೆ ಮುಕ್ಕಾಗಿಲ್ಲ. ಅಷ್ಟು ಶುದ್ಧವಾಗಿ ಅವನು ಯಾವತ್ತೂ ಬಿಡಿಸಿರಲಿಲ್ಲ. ಅದನ್ನೆತ್ತಿ ಬಿಳೀ ಬಟ್ಟೆ ಮೇಲೆ ಮಲಗಿಸಿದ. ಆಮೇಲೆ ತಿರುಗಿ ಪರಾತದೊಳಗೆ ನೋಡಿದ.

ನೀರು ಕಂದು ಬಣ್ಣಕ್ಕೆ ತಿರುಗಿತ್ತು. ಬಿಸಿನೀರಿಗೆ ಕಾಗದ ತಡೆಯುತ್ತೆ, ಫೋಟೋದ ಮೇಲಿನ ಪೊರೆ ತಡೆಯೋದಿಲ್ಲ. ಅವನಿಗೆ ಕಾಗದ ಗೊತ್ತಿತ್ತು, ಫೋಟೋ ಗೊತ್ತಿರಲಿಲ್ಲ. ಪೊರೆ ಸುಲಿದು, ಹಾಲಿನ ಕೆನೆ ಹಾಗೆ ಮುದುಡಿ, ನೀರಲ್ಲಿ ಕರಗಿ ಹೋಗಿತ್ತು. ರಟ್ಟಿನ ಮೇಲೆ ಮದುಮಗನ ಪೇಟ ಇತ್ತು. ಕುರ್ಚಿಯ ಕಾಲಿತ್ತು. ಸೀರೆ ಅಂಚು, ಮಡಿಲಲ್ಲಿ ಜೋಡಿಸಿಟ್ಟ ಎರಡು ಕೈ ಇದ್ದವು. ಮುಖ ಇದ್ದ ಜಾಗ ಬೆಳ್ಳಗೆ, ಖಾಲಿ.

ಶಾರದಾಬಾಯಿ ಬಾಯಿಗೆ ಸೆರಗು ಒತ್ತಿಕೊಂಡರು. ದುರುಗವ್ವ ಎದ್ದು ಒಳಗೆ ಹೋದಳು.

ಇಲ್ಲಿ ಸ್ವಲ್ಪ ನಿಲ್ಲೋಣ. ಅವನು ಹೆಂಡತಿಯನ್ನ ಕಳಕೊಂಡದ್ದು ಯಾವಾಗ? ಅಕ್ಕಿ ಆರಿಸ್ತಾ ಒರಗಿದಳಲ್ಲ, ಅವಾಗಲಾ? ಆ ಸಾವು ಶಿವನ ಕೈಯದು. ಅದಕ್ಕೆ ಯಾರು ಏನು ಮಾಡೋಕಾಗುತ್ತೆ? ಆದರೆ ಪರಾತದ ಮುಂದೆ ಕೂತು, ‘ಎರಡೂ ಉಳಿಸ್ತೀನಿ’ ಅಂದನಲ್ಲ, ಅದು ಇವನ ಕೈಯದು. ಎರಡೂ ಉಳಿಸ್ತೀನಿ ಅಂದವನ ಕೈ ಯಾವುದನ್ನ ಉಳಿಸಿತು? ದಿನಾ ಯಾವುದನ್ನ ಉಳಿಸಿ ಅಭ್ಯಾಸ ಇತ್ತೋ ಅದನ್ನ. ಅಷ್ಟೇ ನೋಡಿ. ಕಷ್ಟದ ಹೊತ್ತಲ್ಲಿ ಮನಸ್ಸು ಏನಾದರೂ ಹೇಳಲಿ, ಕೈ ತನಗೆ ಗೊತ್ತಿರೋ ಕೆಲಸವನ್ನೇ ಮಾಡುತ್ತೆ.

“ಅಲ್ರೀ ಶಾಸ್ತ್ರಿಗಳೇ, ಆಮ್ಯಾಲೆ ಗಣಾರಾಧನೆಗೆ ಏನು ಇಟ್ರು? ಅದನ್ನ ಹೇಳ್ರಿ ಮೊದಲು!” ಮುಂದಿನ ಸಾಲಿನಿಂದ ಒಬ್ಬ ಅಜ್ಜಿ ಕೂಗಿದಳು. ಸುತ್ತಲಿನವರು ಅವಳನ್ನ ಸುಮ್ಮನಿರಿಸಲು ನೋಡಿದರು.

ಇರಲಿ ಬಿಡ್ರವ್ವ, ಅಜ್ಜಿ ಕೇಳಿದ್ದು ಸರಿ ಐತಿ. ಹೇಳ್ತೀನಿ.

ನಾಟಕದ ಪರದೆ ಬರೆಯೋ ಒಬ್ಬ ಕಲಾವಿದ ಇದ್ದ ಆ ಊರಲ್ಲಿ, ಕಾಳಾಚಾರಿ ಅಂತ. ಕರೆಸಿದರು. ಅವನು ಹಾಳೆ, ಪೆನ್ಸಿಲ್ ಹಿಡಿದು ಪಡಸಾಲೆಯಲ್ಲಿ ಕೂತ.

“ಹೇಳ್ರಿ ಸಾಹುಕಾರ್ರೇ, ಬರೀತೀನಿ. ಮುಖ ದುಂಡಗಾ, ಉದ್ದಕಾ?”

ಸಾಹುಕಾರ ಕಣ್ಣು ಮುಚ್ಚಿದ. ಮೊದಲು ಬಂದದ್ದು ಕೈ. ರೊಟ್ಟಿ ನೀಡೋ ಕೈ, ಹಸಿರು ಬಳೆ. ಆಮೇಲೆ ಬೆನ್ನು. ಒಲೆ ಮುಂದೆ ಬಗ್ಗಿದ ಬೆನ್ನು. ಸೆರಗು. ಹೆಜ್ಜೆ ಸದ್ದು. ಮುಖ ಬರಲಿ ಅಂತ ಉಸಿರು ಬಿಗಿಹಿಡಿದು ಕಾದ. ಬಂತು. ಆದರೆ ಯಾರದು ಬಂತು? ಚೂಪು ಮೂಗು, ಮೇಲಕ್ಕೆತ್ತಿದ ಗದ್ದ, ಟೋಪನ್ನು.

“ದುಂಡಗೆ…” ಅಂದ. “ಅಲ್ಲ. ಒಂದು ಥರಾ ಉದ್ದಕ್ಕೇ…”

ಕಾಳಾಚಾರಿ ಪೆನ್ಸಿಲ್ ಎತ್ತಿ ಅವನನ್ನೇ ನೋಡಿದ. “ಕಣ್ಣು?”

“ಕಣ್ಣು… ಇದ್ದವು.”

ನಗ್ತೀರಿ. ನಕ್ಕುಬಿಡಿ, ಪರವಾಗಿಲ್ಲ. ಅವನಂತೂ ತಲೆ ತಗ್ಗಿಸಿದ.

ಆಗ ಶಾರದಾಬಾಯಿ ಬಾಯಿ ಹಾಕಿದರು. “ಆಚಾರ್ರೇ, ಕೆನ್ನೆ ತುಂಬಿಕೊಂಡಿತ್ತು. ಗದ್ದ ಸಣ್ಣದು. ನಕ್ಕರೆ ಒಂದು ಕಣ್ಣು ಸಣ್ಣದಾಗೋದು, ಎಡಗಣ್ಣು.”

“ಬಲಗಣ್ಣು ಕಣ್ರೀ ಬಾಯಾರೇ” ಅಂದಳು ಒಳಗಿಂದ ಬಂದ ದುರುಗವ್ವ. ಕಣ್ಣು ಕೆಂಪಗಾಗಿತ್ತು ಅವಳದು.

“ಏ, ಎಡಗಣ್ಣು. ನಾನು ದಿನಾ ಎದುರು ಕಟ್ಟೆ ಮೇಲೆ ಕೂತು ನೋಡಿಲ್ವಾ?”

“ನೀವು ಎದುರಿಗೆ ಕೂತಿದ್ರಿ, ಅದಕ್ಕೇ ಎಡ ಬಲ ಅದಲು ಬದಲು. ನಾನು ಪಕ್ಕದಾಗ ಕುಂತು ಎಲಿ ಅಡಿಕಿ ಹಾಕ್ಕೊಂಡೀನಿ.”

ಅಷ್ಟರಲ್ಲಿ ಬಳೆಗಾರ ಮಾಬುಸಾಬ, ಸುದ್ದಿ ಕೇಳಿ ಮಾತಾಡಿಸಿಕೊಂಡು ಹೋಗೋಣ ಅಂತ ಬಂದವನು, ಬಳೆ ಮಲಾರ ಹೊಸಿಲ ಹೊರಗೆ ಇಳಿಸಿ ಇಣುಕಿದ. “ಹುಬ್ಬು ಅಷ್ಟು ದಪ್ಪ ಬರೀಬೇಡ ಆಚಾರಿ. ಅಕ್ಕನ ಹುಬ್ಬು ತೆಳ್ಳಗೆ. ಬಳೆ ಬಿಗಿಯಾದ್ರೆ ನೋವು ತಡಕೊಂಡು ಹುಬ್ಬು ಹಿಂಗೆ ಮೇಲೆ ಮಾಡೋರು, ಬಾಯಲ್ಲಿ ಮಾತ್ರ ‘ಹಾಕಪ್ಪ, ಏನಾಗಲ್ಲ’ ಅನ್ನೋರು.”

ಹೀಗೇ ಒಬ್ಬರು ಅನ್ನೋದು, ಇನ್ನೊಬ್ಬರು ತಿದ್ದೋದು. ಗದ್ದದ ಕೆಳಗೆ ಮಚ್ಚೆ ಇತ್ತು. ಇತ್ತಾ? ಇತ್ತು, ಅದು ಮಚ್ಚೆ ಅಲ್ಲ, ಹುಟ್ಟು ಗುರುತು. ತಲೆ ಬಾಚಿದರೆ ಬೈತಲೆ ಒಂಚೂರು ಓರೆ. ಜಗಳ ಆಡಿದರು, ನಕ್ಕರು, ನಗುತ್ತಲೇ ಅತ್ತರು. ಕಾಳಾಚಾರಿ ಬರೆದ, ಒರೆಸಿದ, ಮತ್ತೆ ಬರೆದ. ಇವನು? ಮೂಲೆಯಲ್ಲಿ ಕೂತು ಕೇಳಿಸಿಕೊಂಡ. ತನ್ನ ಹೆಂಡತಿಗೆ ಗದ್ದದ ಕೆಳಗೆ ಹುಟ್ಟು ಗುರುತಿತ್ತು ಅಂತ ಅವನಿಗೆ ಗೊತ್ತಾದದ್ದು ಅವತ್ತು. ಆಕೆ ಹೋದ ಮೇಲೆ. ಬೇರೆಯವರ ಬಾಯಿಂದ.

ಚಿತ್ರ ಮುಗೀತು. ಕಾಳಾಚಾರಿ ಹಾಳೆ ಎತ್ತಿ ಹಿಡಿದ.

“ಅವ್ವಾರೇ” ಅಂದಳು ದುರುಗವ್ವ, ಚಿತ್ರವನ್ನೇ ಮಾತಾಡಿಸಿದ ಹಾಗೆ. ಶಾರದಾಬಾಯಿ ಕೈ ಮುಗಿದರು.

ಕಾಳಾಚಾರಿ ಅದನ್ನ ಸಾಹುಕಾರನ ಕಡೆ ತಿರುಗಿಸಿದ. “ಸರಿಯಾಯ್ತೇನ್ರೀ? ನೀವು ಹೂಂ ಅಂದ್ರೆ ಬಣ್ಣ ಹಾಕ್ತೀನಿ.”

ಅವನು ನೋಡಿದ. ಮೊದಲ ಒತ್ತು ಯಾವುದು, ಕೊನೇ ಒತ್ತು ಯಾವುದು ಅಂತ ಒಂದೇ ನೋಟಕ್ಕೆ ಹೇಳೋ ಕಣ್ಣದು. ಒಬ್ಬ ಹೆಂಗಸು ನಗ್ತಾ ಇದ್ದಳು ಚಿತ್ರದಲ್ಲಿ. ತುಂಬಿದ ಕೆನ್ನೆ, ಒಂದು ಕಣ್ಣು ಸಣ್ಣಗೆ. ಹೌದು ಅನ್ನೋಣ ಅಂದರೆ ಗುರುತಿಲ್ಲ. ಅಲ್ಲ ಅನ್ನೋಣ ಅಂದರೆ ಗೊತ್ತಿಲ್ಲ.

“ಹಿಂಗೆ ನಗ್ತಿದ್ಲಾ ದುರುಗವ್ವ?” ಅಂತ ಕೇಳಿದ.

“ಭಾಳ ನಗೋರು ಧಣ್ಯಾರೆ” ಅಂದಳು ಅವಳು. “ನೀವು ನೋಡಲಿಲ್ಲ, ಅಷ್ಟೇ.”

ಅವನು ಕಾಳಾಚಾರಿಗೆ ಹೇಳಿದ, “ಅವರು ಹೌದಂದ್ರೆ ಹೌದಪ್ಪ. ಬಣ್ಣ ಹಾಕು.”

ಅಜ್ಜಿ, ನಿನಗೆ ಉತ್ತರ ಸಿಕ್ತಾ? ಅದನ್ನೇ ಇಟ್ಟರು. ಹೂ ಏರಿಸಿದವರೆಲ್ಲ, ‘ಏನು ಹೋಲಿಕೆ, ಏನು ಹೋಲಿಕೆ’ ಅಂದರು. ಸಾಹುಕಾರನೂ ಏರಿಸಿದ. ಆ ಮನೆಯಲ್ಲಿ ಪರಿಚಯ ಇಲ್ಲದವರ ಚಿತ್ರಕ್ಕೆ ಹೂ ಏರಿಸಿದವನು ಅವನೊಬ್ಬನೇ.

ಈಗ ನಿಮ್ಮ ಕಡೆ ಬರ್ತೀನಿ. ಬರಬೇಕಲ್ಲ, ಇಲ್ಲದಿದ್ದರೆ ಕಥೆ ಯಾಕೆ ಹೇಳಬೇಕು? ‘ನಾವ್ಯಾರೂ ಇಂಗ್ಲೆಂಡಿನ ಮಂತ್ರಿಗಳನ್ನ ಕೂಡಿಸಿಲ್ಲ ಶಾಸ್ತ್ರಿಗಳೇ’ ಅಂತೀರಿ. ಇಲ್ಲ, ಕೂಡಿಸಿಲ್ಲ. ಆದರೆ ಟೀವಿಯಲ್ಲಿ ಬರೋ ಮಂತ್ರಿ ಹೇಗೆ ಮೂಗು ಒರೆಸಿಕೊಳ್ತಾನೆ ಅಂತ ಗೊತ್ತು ನಿಮಗೆ. ಕ್ರಿಕೆಟ್ ಆಟಗಾರ ಗಡ್ಡ ಬೋಳಿಸಿದರೆ ಗೊತ್ತಾಗುತ್ತೆ. ಅಂಗಡಿಗೆ ಬಂದ ಗಿರಾಕಿಯ ಮುಖ ನೋಡಿ ಇವನು ಕೊಳ್ತಾನೋ ಇಲ್ವೋ ಹೇಳ್ತೀರಿ. ಮನೆಯಲ್ಲಿ ನಿಮಗೆ ಅನ್ನ ಬಡಿಸೋರ ಮುಖ? ಅದನ್ನ ಯಾವತ್ತು ಓದಿದ್ರಿ? ಆ ಹಣೆ ಮೇಲೆ ಹೊಸ ಗೆರೆ ಯಾವಾಗ ಬಂತು? ಕಣ್ಣ ಕೆಳಗೆ ಕಪ್ಪು ಯಾವಾಗ ಬಂತು? ಯಾಕೆ ಬಂತು?

ಗಂಡಸರ ಸಾಲಿನ ನಡುವೆ ಯಾರೋ ಕೆಮ್ಮಿದರು. ಬೀಜ, ಗೊಬ್ಬರದ ಅಂಗಡಿ ಬೆಳ್ಳೂಡಿ ಶಿವಾನಂದಪ್ಪ ಎದ್ದು ನಿಂತು ಕೈಯೆತ್ತಿದ. ಪ್ರವಚನದಲ್ಲಿ ಒಂದು ಮಾತಾದರೂ ಆಡದೆ ಮನೆಗೆ ಹೋಗುವ ಆಸಾಮಿ ಅಲ್ಲ ಅವನು.

“ಶಾಸ್ತ್ರಿಗಳೇ, ಅದು ಆ ಕಾಲದ ಮಾತು. ಈಗ ಆ ಭಯ ಇಲ್ಲ ಬಿಡ್ರಿ. ನನ್ನ ಫೋನ್‌ನಾಗ ನಮ್ಮನೇರ ಫೋಟೋ ಸಾವಿರ ಅದಾವು.”

“ಭೇಷ್! ಒಳ್ಳೇ ಕೆಲಸ. ಆ ಫೋನ್ ಒಂದಿಷ್ಟು ಜೇಬಿಗೆ ಹಾಕ್ರಿ ಶಿವಾನಂದಪ್ಪ. ಹಾಕಿದ್ರಾ? ಈಗ ಹೇಳ್ರಿ, ನಿಮ್ಮ ಮನೆಯವರ ಮೂಗುತಿ ಯಾವ ಕಡೆ?”

ಶಿವಾನಂದಪ್ಪ ಹೆಂಗಸರ ಸಾಲಿನ ಕಡೆ ಕತ್ತು ತಿರುಗಿಸಲು ಹೋದ.

“ಆಂ ಆಂ! ನೋಡೋ ಹಂಗಿಲ್ಲ.”

“ಎಡಕ್ಕೆ… ಅಲ್ಲ, ತಡೀರಿ… ಬಲಕ್ಕೆ. ಬಲಕ್ಕೇ.”

ಹೆಂಗಸರ ಸಾಲಿನಿಂದ ಅವನ ಹೆಂಡತಿ ಸುವರ್ಣಮ್ಮನ ದನಿ ಬಂತು. “ಮೂಗುತಿ ಹಾಕೋದು ಬಿಟ್ಟೇ ಯಾವ ಕಾಲ ಆಯ್ತೋ! ಮೂಗಿಗೆ ಗಾಯ ಆಗಿತ್ತಲ್ಲ!”

ಹಜಾರವೆಲ್ಲ ನಗುವಿನಲ್ಲಿ ಎದ್ದು ಬಿತ್ತು. ಶಿವಾನಂದಪ್ಪನೂ ನಕ್ಕ. ನಗುತ್ತಲೇ ಕೂತ, ಕೂತ ಮೇಲೆ ನಗಲಿಲ್ಲ.

ಶಾಸ್ತ್ರಿಗಳು ಕೈಯೆತ್ತಿದರು. ನಗು ಇಳಿಯುವವರೆಗೂ ಕಾದರು.

ಅವರೊಬ್ಬರನ್ನೇ ನೋಡಿ ನಗಬೇಡಿ. ನಿಮ್ಮನ್ನ ಎಬ್ಬಿಸಿ ಕೇಳಿದ್ದರೂ ಇದೇ ಆಗೋದು. ತಾಯಂದಿರೇ, ನಿಮ್ಮನ್ನೂ ಬಿಡೋದಿಲ್ಲ. ಅತ್ತೆಯ ಮುಖ ನೋಡಿ ಮಾತಾಡಿ ಎಷ್ಟು ದಿನ ಆಯ್ತು? ಸೊಸೆಯ ಮುಖ? ಫೋಟೋ ಸಾವಿರ ಇರಲಿ. ಫೋಟೋ ತೆಗೆಯೋವಾಗಲೂ ನಾವು ಫೋನ್ ನೋಡ್ತೀವಿ, ಮುಖ ನೋ­ಡೋದಿಲ್ಲ.

ನಾನು ಕೇಳೋದು ದೊಡ್ಡ ವ್ರತ ಏನಲ್ಲ. ಉಪವಾಸ ಬೇಡ, ಕಾಣಿಕೆ ಬೇಡ. ಇವತ್ತು ಮನೆಗೆ ಹೋಗಿ ಊಟಕ್ಕೆ ಕೂತಾಗ, ಬಡಿಸೋರು ಬಗ್ಗಿದಾಗ, ತಟ್ಟೆ ನೋಡಬೇಡಿ. ತಲೆ ಎತ್ತಿ. ಆ ಮುಖ ನೋಡಿ. ಮಾತಾಡಲೇಬೇಕು ಅಂತಿಲ್ಲ. ಹಣೆ ನೋಡಿ, ಕಣ್ಣು ನೋಡಿ, ಗದ್ದದ ಕೆಳಗೆ ಏನಾದರೂ ಗುರುತಿದ್ದರೆ ಅದನ್ನೂ ನೋಡಿ. ನಾಳೆ ಮತ್ತೆ ನೋಡಿ, ನಿನ್ನೆ ಇದ್ದದ್ದು ಇವತ್ತು ಇದೆಯಾ ಅಂತ. ಅಡುಗೆ ಮನೆಯಲ್ಲಿ ಒಬ್ಬರೇ ಉಣ್ಣೋರಿದ್ದರೆ ಹೋಗಿ ಎದುರಿಗೆ ಕೂತುಕೊಳ್ಳಿ. ಆ ಸಾಹುಕಾರನಿಗೆ ಕಣ್ಣು ಚೆನ್ನಾಗಿತ್ತು, ಪ್ರೀತಿಯೂ ಇತ್ತು. ಕಣ್ಣು ಒಂದು ಕಡೆ, ಪ್ರೀತಿ ಒಂದು ಕಡೆ ಇಟ್ಟುಕೊಂಡು ಬದುಕಿದ. ಎರಡನ್ನೂ ಒಂದೇ ಕಡೆ ಇಡಿ. ಬದುಕಿದ್ದಾಗ ಇಡಿ. ಇಷ್ಟೇ ನಾನು ಹೇಳೋದು.

ಮಂಗಳಾರತಿ ಆಯ್ತು. ಜನ ಎದ್ದರು. ಬಾಗಿಲಲ್ಲಿ ಚಪ್ಪಲಿ ಹುಡುಕುವವರ ನೂಕುನುಗ್ಗಲು. ಸುವರ್ಣಮ್ಮ ಪ್ರಸಾದದ ಪೊಟ್ಟಣ ಹಿಡಿದು ಮೆಟ್ಟಿಲ ಹತ್ತಿರ ನಿಂತಿದ್ದಳು. ಶಿವಾನಂದಪ್ಪ ಗುಂಪಿನಿಂದ ಬಿಡಿಸಿಕೊಂಡು ಬಂದು ಅವಳ ಎದುರಿಗೆ ನಿಂತ. ಗಾಡಿ ಕೀಲಿ ಕೈಯಲ್ಲಿತ್ತು. ಹೋಗೋಣ ಅನ್ನಲಿಲ್ಲ.

“ಏನ್ರೀ, ಹಂಗ್ಯಾಕ ನೋಡ್ತೀರಿ?” ಅಂದಳು ಅವಳು. “ಮುಖಕ್ಕೇನರ ಅಂಟೈತೇನು?”

“ಏನಿಲ್ಲ” ಅಂದ.

ಆದರೂ ಅವಳು ಸೆರಗಿನ ತುದಿ ಹಿಡಿದು ಕೆನ್ನೆ ಒರೆಸಿಕೊಂಡಳು.